ಟರ್ಬೊ ಎದ್ದ ಗಳಿಗೆ

ಊರವರಿಗೆಲ್ಲ ಆಕೆ ನರ್ಸಮ್ಮ. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೆ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಆಕೆಯ ಕಸುಬು. ರಕ್ತ, ಕೀವು ಕಂಡು ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಹದಿನೇಳು ವರ್ಷ ಓಡಿಸಿದ ಹಳೇ ಕಾರು ಕೈಕೊಟ್ಟಾಗ ತಮ್ಮನೇ ಮುಂದೆ ನಿಂತು ಹೊಸದೊಂದು ಪುಟ್ಟ ಕಾರು ಕೊಡಿಸಿದ.

"ಟರ್ಬೊ ಇದೆ ಅಕ್ಕಾ. ನೋಡೋಕೆ ಇಲಿಮರಿ, ಓಡೋಕೆ ಕುದುರೆ!"

ಟರ್ಬೊ ಎಂದರೇನೆಂದು ಅವನಿಗೂ ಗೊತ್ತಿರಲಿಲ್ಲ.

ಮೂರನೇ ವಾರ, ಬೆಳಿಗ್ಗೆ. ಮುಂದೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ತೆವಳುತ್ತಿತ್ತು. ಎದುರಿಗೆ ದೂರದಲ್ಲಿ ಒಂದು ಬಸ್ಸು. ಹಳೇ ಕಾರಿನ ಲೆಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ನಾಲ್ಕನೇ ಗೇರಿನಲ್ಲೇ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದಳು. ಕಾರು ಮಿಸುಕಲಿಲ್ಲ. ಇನ್ನಷ್ಟು ಒತ್ತಿದಳು. ಇಂಜಿನ್ ಗೊಣಗಿತೇ ಹೊರತು ವೇಗ ಏರಲಿಲ್ಲ. ಬಸ್ಸು ನೋಡುನೋಡುತ್ತಲೇ ದೊಡ್ಡದಾಯಿತು. ಹಿಂದೆ ಸರಿಯೋಣವೆಂದರೆ ಟ್ರ್ಯಾಕ್ಟರಿನ ಹಿಂದಿನ ಜಾಗಕ್ಕೆ ಆಗಲೇ ಬೇರೊಂದು ಕಾರು ನುಗ್ಗಿತ್ತು. ಪೆಡಲನ್ನು ತಳಕ್ಕೆ ತುಳಿದಳು.

ಆಗ ಯಾರೋ ಹಿಂದಿನಿಂದ ಒದ್ದಂತೆ ಕಾರು ಚಿಮ್ಮಿತು. ಬೆನ್ನು ಸೀಟಿಗೆ ಅಂಟಿತು. ಬಸ್ಸಿನ ಹಾರ್ನು ಕಿವಿ ಸೀಳಿತು. ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಎಡಕ್ಕೆ ಬಂದವಳು ರಸ್ತೆ ಬದಿಗೆ ನಿಲ್ಲಿಸಿ ಬಾಗಿಲು ತೆರೆದು ವಾಂತಿ ಮಾಡಿದಳು.

ಆಮೇಲೆ ಒಂಬತ್ತು ದಿನ ಕಾರಿನ ಬೀಗದ ಕೈ ಮುಟ್ಟಲಿಲ್ಲ. ಬಸ್ಸು ಹತ್ತಿಳಿದು ಹೋಗುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಕಾಲಿನ ಗಾಯ ಮಾಯದ ನಿವೃತ್ತ ಹೆಡ್ಮಾಸ್ತರರು ನೋವು ನುಂಗಿಕೊಂಡು ಕಾಯುತ್ತಿದ್ದರು. ಅದನ್ನು ನೋಡಲಾಗದೆ, ಹಳೇ ಕಾರು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ನ ಹತ್ತಿರ ಹೋದಳು.

"ಕಾರಲ್ಲೇನೋ ದೋಷ ಇದೆಯಪ್ಪ. ಕರೆದಾಗ ಬರಲ್ಲ, ಬಂದ್ರೆ ಮೈಮೇಲೇ ಬರುತ್ತೆ."

ಆತ ಓಡಿಸಿ ನೋಡಿ ನಕ್ಕ. "ದೋಷ ಇಲ್ಲ ನರ್ಸಮ್ಮ. ಟರ್ಬೊ ಅಂದ್ರೆ ಒಂದು ಪುಟ್ಟ ಫ್ಯಾನು. ಇಂಜಿನ್ ಹೊಗೆ ಹೊರಗೆ ನುಗ್ಗೋ ರಭಸಕ್ಕೆ ಅದು ತಿರುಗುತ್ತೆ. ತಿರುಗಿದ್ರೆ ಇಂಜಿನ್‌ಗೆ ಜಾಸ್ತಿ ಗಾಳಿ ತುಂಬುತ್ತೆ, ಶಕ್ತಿ ಬರುತ್ತೆ. ಇಂಜಿನ್ ನಿಧಾನಕ್ಕಿದ್ರೆ ಹೊಗೆ ಕಮ್ಮಿ, ಫ್ಯಾನ್‌ಗೆ ನಿದ್ದೆ. ಇಂಜಿನ್ ಎಷ್ಟು ಜೋರಾಗಿ ಸುತ್ತುತ್ತೆ ಅಂತ ತೋರಿಸೋ ಈ ಮುಳ್ಳು ನೋಡಿ, ಎರಡರ ಕೆಳಗಿದ್ರೆ ಟರ್ಬೊನ ನಂಬಬೇಡಿ. ಮೊದ್ಲೇ ಗೇರ್ ಇಳಿಸಿ, ಅದು ಎಚ್ಚರ ಆಗ್ಲಿ, ಆಮೇಲೆ ಮೆಲ್ಲಗೆ ಒತ್ತಿ."

"ಮತ್ತೆ ಎದುರಿಗೆ ಬಸ್ ಬಂದ್ರೆ?"

"ಅನುಮಾನ ಇದ್ರೆ ಮುಂದಿನ ಗಾಡಿ ಹಿಂದೇನೇ ಇರಿ, ಹೊರಗೇ ಬರಬೇಡಿ. ಅದಕ್ಕೆ ಯಾವ ಟರ್ಬೊನೂ ಬೇಡ."

ಖಾಲಿ ರಸ್ತೆಯಲ್ಲಿ ಪಕ್ಕ ಕೂತು ಎರಡು ಸಂಜೆ ಕಲಿಸಿದ. ಪ್ರತಿ ಸಲ ಕಾರು ಮುನ್ನುಗ್ಗಿದಾಗಲೂ ಆಕೆ ಕಣ್ಣು ಮುಚ್ಚಿಬಿಡುತ್ತಿದ್ದಳು. "ಕಣ್ಣು ಬಿಡಿ, ನನಗೂ ಹೆಂಡ್ತಿ ಮಕ್ಕಳಿದ್ದಾರೆ!" ಎಂದು ಆತ ಕೂಗುತ್ತಿದ್ದ.

ಮರುದಿನ ಒಬ್ಬಳೇ ಹೊರಟಳು. ಏರು ಹತ್ತಿ ಹೆದ್ದಾರಿಗೆ ಸೇರುವ ಜಾಗದಲ್ಲಿ ಲಾರಿಗಳ ಸಾಲು. ಎರಡು ಲಾರಿಗಳ ನಡುವೆ ದೊಡ್ಡ ತೆರಪು ಕಾಣುವವರೆಗೆ ನಿಧಾನಿಸಿ ಕಾದಳು. ಎರಡನೇ ಗೇರಿಗೆ ಇಳಿಸಿದಳು. ಮುಳ್ಳು ಮೇಲೇರಿತು. ಮೆಲ್ಲಗೆ ಒತ್ತಿದಳು. ಕಾರು ತಡಮಾಡದೆ ಎಳೆದುಕೊಂಡು ಹೋಗಿ ಸಾಲಿನಲ್ಲಿ ಸೇರಿತು. ಆದರೂ ಹೆಡ್ಮಾಸ್ತರರ ಮನೆ ಮುಟ್ಟುವವರೆಗೆ ಸ್ಟಿಯರಿಂಗಿನ ಮೇಲಿನ ಹಿಡಿತ ಸಡಿಲಿಸಲಿಲ್ಲ.

ಪಟ್ಟಿ ಬಿಚ್ಚಲು ಹೋದರೆ ಬೆರಳು ನಿಲ್ಲಲೊಲ್ಲವು.

"ಏನಮ್ಮಾ, ನಿಮ್ಮ ಕೈ ನಡುಗ್ತಿದೆ?" ಎಂದರು ಹೆಡ್ಮಾಸ್ತರರು.

"ಹೌದು ಸಾರ್. ಐದು ನಿಮಿಷ ಕೂತ್ಕೋತೀನಿ," ಎಂದು ಆಕೆ ನೀರು ಕೇಳಿದಳು.