ಕಾಂಚನರ ರೀಲಿಗೊಂದು ಕೋಲು

ಬೀದರಿನಲ್ಲಿ ಸಮುದ್ರದ ಮೀನು ಹಿಡಿಯುವ ಕೋಲು ಎಲ್ಲಿ ಸಿಗುತ್ತದೆ?

ನಗಬೇಡಿ. ಎರಡು ತಿಂಗಳ ಹಿಂದೆ ಒಬ್ಬ ಸರ್ಕಾರಿ ಓವರ್ಸಿಯರ್ ನನ್ನ ಮೇಜಿನ ಮುಂದೆ ನಿಂತು ಈ ಪ್ರಶ್ನೆ ಕೇಳಿದರು. ಅದೂ ಆಫೀಸಿನ ವೇಳೆಯಲ್ಲಿ, ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಎದೆಗೆ ಅವಚಿಕೊಂಡು. ಇಲ್ಲಿಂದ ಸಮುದ್ರಕ್ಕೆ ಮೂರು ದಿನದ ದಾರಿ. ಕೋಟೆಯ ಕಂದಕ ಬಿಟ್ಟರೆ ನಮ್ಮ ಊರಿನ ಅರ್ಧ ಮಂದಿ ಆಳವಾದ ನೀರನ್ನೇ ಕಂಡವರಲ್ಲ. (ಬಾವಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.)

ಅವರ ಹೆಸರು ಕಾಂಚನ್. ಮಲ್ಪೆಯ ಹತ್ತಿರದವರು. ವರ್ಷದ ಹಿಂದಿನವರೆಗೆ ಅವರು ಮದ್ರಾಸಿನವರು, ನಾವು ಹೈದರಾಬಾದಿನವರು. ಒಂದು ಬೆಳಗ್ಗೆ ಎದ್ದು ನೋಡಿದರೆ ಇಬ್ಬರೂ ಮೈಸೂರಿನವರು! ನಾವಂತೂ ಹಾಸಿಗೆಯಿಂದ ಅಲುಗದೆ ರಾಜ್ಯ ಬದಲಿಸಿದೆವು. ಪಾಪ, ಅವರು ಮಾತ್ರ ಟ್ರಾನ್ಸ್‌ಫರ್ ಆರ್ಡರ್ ಹಿಡಿದು ರೈಲು ಬಸ್ಸು ಬದಲಿಸುತ್ತ ಬೀದರಿಗೆ ಬಂದಿಳಿದರು. ಹಳೆಯ ಉರ್ದು ಫೈಲುಗಳನ್ನು ನಾನು ಅವರಿಗೆ ಓದಿ ಹೇಳುತ್ತೇನೆ. ನನ್ನ ಕನ್ನಡದ ಡ್ರಾಫ್ಟುಗಳನ್ನು ಅವರು ತಿದ್ದುತ್ತಾರೆ. ಹೀಗೆ ಬೆಳೆದ ಸ್ನೇಹ.

ಟವೆಲ್ ಬಿಚ್ಚಿದರು. ಒಳಗೊಂದು ಯಂತ್ರ. ಹಿಡಿಕೆ ತಿರುಗಿಸಿದರೆ ತಂತಿಯ ಕೊಕ್ಕೆಯೊಂದು ಗಿರ್ರನೆ ಸುತ್ತಿ, ಉರುಳೆಗೆ ನೈಲಾನ್ ದಾರ ಸುತ್ತುತ್ತದೆ. ಕೊಕ್ಕೆ ಎತ್ತಿದರೆ ದಾರ ಸುರುಳಿ ಸುರುಳಿಯಾಗಿ ಹೊರಗೆ ಹಾರುತ್ತದೆ. ಸ್ಪಿನ್ನಿಂಗ್ ರೀಲ್ ಅಂತೆ. ಹಡಗಿನಲ್ಲಿ ದುಡಿಯುವ ಅವರ ಭಾವ ಯಾವುದೋ ಬಂದರಿನಿಂದ ತಂದುಕೊಟ್ಟದ್ದು. ರೀಲೇನೋ ಬಂತು, ಕೋಲು ಬರಲಿಲ್ಲ.

"ಯಾರಿಗ್ರಿ ಇದು?" ಎಂದೆ.

"ಅಪ್ಪನಿಗೆ," ಎಂದರು. "ದಂಡೆಯಲ್ಲಿ ನಿಂತು ಗಾಳ ಬೀಸಿದ್ರೆ ಮೂರನೇ ತೆರೆಯ ಆಚೆಗೆ ಹೋಗಿ ಬೀಳ್ತಿತ್ತು ಮಾರಾಯ್ರೆ, ಬರೀ ಕೈಯಲ್ಲಿ. ಎರಡು ವರ್ಷದ ಹಿಂದೆ ದೋಣಿಯ ಹಗ್ಗಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಯ್ತು. ಕಿರುಬೆರಳು, ಅದರ ಪಕ್ಕದ್ದು. ಈಗ ದಂಡೆಗೇ ಹೋಗುದಿಲ್ಲ. ಜಗಲಿಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತ್ಕೊಳ್ತಾರೆ. ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಸಮುದ್ರಕ್ಕೆ ಬೆನ್ನು ಹಾಕಿ ಕೂರುವುದು! ಸಮುದ್ರವನ್ನೇ ನೋಡದ ನನಗೂ ಆ ಮಾತು ಚುಚ್ಚಿತು.

ಅವರಿಗೆ ಹತ್ತು ದಿನದ ರಜೆ ಸಿಕ್ಕಿತ್ತು. ಹೋಗಿಬರಲಿಕ್ಕೇ ಆರು ದಿನ. ಉಳಿದ ನಾಲ್ಕು ದಿನದಲ್ಲಿ ಅಲ್ಲಿ ಕೋಲು ಹುಡುಕುವುದು ಯಾವಾಗ, ಅಪ್ಪನ ಕೈಗೆ ಕೊಡುವುದು ಯಾವಾಗ? ಅವರ ಕಡೆ ಬಲೆ ಬಲ್ಲವರಿದ್ದಾರೆ, ಕೈಗಾಳ ಬಲ್ಲವರಿದ್ದಾರೆ, ಇಂಥ ರೀಲು ಕಂಡವರಿಲ್ಲ. ಆದ್ದರಿಂದ ಕೋಲು ಇಲ್ಲಿಯೇ ಸಿದ್ಧವಾಗಬೇಕು. ರೀಲಿನ ಜೊತೆ ಇಂಗ್ಲಿಷಿನಲ್ಲಿ ಒಂದು ಚೀಟಿ ಇತ್ತು. ಕೋಲು ಹತ್ತು ಹನ್ನೊಂದು ಅಡಿ ಇರಲಿ, ತೀರ ಬಿರುಸೂ ಬೇಡ, ತೀರ ಮೆತ್ತಗೂ ಬೇಡ, ಗಾಳದ ಭಾರಕ್ಕೆ ಕಟ್ಟುವ ಸೀಸದ ಗುಂಡು ಸಣ್ಣದಾದರೂ ದೊಡ್ಡದಾದರೂ ಎಸೆಯುವಂತಿರಲಿ, ಒಂದೇ ಕೋಲು ಎಲ್ಲ ಮೀನಿಗೂ ಆಗುವಂತಿರಲಿ. ಮದುವೆಗೆ ಹೆಣ್ಣು ಹುಡುಕುವವರು ಹೇಳುವ ಹಾಗೆಯೇ ಇತ್ತು.

ನಾನು ಕನ್ನಡಕ ಏರಿಸಿ ಓದಿ ಮುಗಿಸಿದೆ. "ಇಷ್ಟೇ ಏನ್ರಿ? ನಾಳಿಗಿ ಭಾಲ್ಕಿ ಸಂತಿಗಿ ಹೋಗೂಣು. ಕೋಲಿನ ವಿಷಯ ನನಗ ಬಿಡ್ರಿ."

ಬಿಟ್ಟರು. ಅದೇ ತಪ್ಪಾಯಿತು.

ಭಾಲ್ಕಿಯ ಸಂತೆಯಲ್ಲಿ ಬಿದಿರಿನ ರಾಶಿಯ ಮುಂದೆ ನಿಂತು ನಾನು ಒಂದೊಂದೇ ಎತ್ತಿ ನೆಲಕ್ಕೆ ಕುಟ್ಟಿದೆ. ಟಣ್ ಅಂದದ್ದನ್ನು ಮಾತ್ರ ಪಕ್ಕಕ್ಕಿಟ್ಟೆ. ಕೊನೆಗೆ ಒಳಗೆ ಪೊಳ್ಳೇ ಇಲ್ಲದ, ಬುಡದಿಂದ ತುದಿಯವರೆಗೆ ಒಂದೇ ದಪ್ಪದ, ಎಣ್ಣೆ ಕುಡಿದು ಕೆಂಪಗಾದ ಒಂದು ಗಳ ಆರಿಸಿದೆ. ಮಾರುವವನೇ ತಲೆದೂಗಿದ. "ಇದು ಮುರಿಯಂಗಿಲ್ರಿ, ತಲಿನೇ ಮುರೀತದ," ಎಂದ.

ನೋಡಿ, ನಮ್ಮ ಕಡೆಯವರಿಗೆ ಗೊತ್ತಿರುವುದು ಒಂದೇ ಜಾತಿಯ ಕೋಲು. ಹೈದರಾಬಾದು ಭಾರತಕ್ಕೆ ಸೇರುವ ಹೊತ್ತಿನ ಆ ಗಲಾಟೆಯ ದಿನಗಳಲ್ಲಿ ಬಾಗಿಲ ಹಿಂದೆ ಕೋಲು ಇಲ್ಲದ ಮನೆ ಬೀದರಿನಲ್ಲಿ ಇತ್ತೆ? ನಮ್ಮಪ್ಪ ಕೋಲಿನ ಪಕ್ಕದಲ್ಲೇ ಮಲಗುತ್ತಿದ್ದರು. ಕೋಲು ಎಂದರೆ ಗಟ್ಟಿ ಇರಬೇಕು, ಬಾಗಬಾರದು. ಇದು ನಮಗೆ ಯಾರೂ ಕಲಿಸಬೇಕಾಗಿಲ್ಲ. ದಿನ ಬದಲಾದವು, ರಾಜ್ಯ ಬದಲಾಯಿತು, ಕೋಲು ಆರಿಸುವ ಕೈ ಮಾತ್ರ ಬದಲಾಗಲಿಲ್ಲ.

ದಾರ ಹಾಯಲು ಕೋಲಿನುದ್ದಕ್ಕೂ ಉಂಗುರಗಳು ಬೇಕಿದ್ದವು. ಬಿದ್ರಿ ಕೆಲಸದ ಒಬ್ಬ ಉಸ್ತಾದರ ಬಳಿ ಹೋದೆವು. ಹೂಜಿಗಳ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸುವ ಮುದುಕರು. ಚೀಟಿಯಲ್ಲಿದ್ದ ಚಿತ್ರ ತೋರಿಸಿದರೆ, ಅದನ್ನು ಬೆಳಕಿಗೆ ಹಿಡಿದು ನೋಡಿ, "ಮಛಲೀಗಿ, ಬರೇ ಮೀನಿಗಿ, ಇಷ್ಟೆಲ್ಲಾ ಶೌಕ್ ಏನ್ ಸಾಬ್?" ಎಂದರು. ಆದರೂ ನಾಲ್ಕು ದಿನದಲ್ಲಿ ಏಳು ಹಿತ್ತಾಳೆ ಉಂಗುರ ಮಾಡಿಕೊಟ್ಟರು. ಏಳೂ ಒಂದೇ ಅಳತೆ, ಕಿರುಬೆರಳಷ್ಟು ಸಣ್ಣವು, ಏಳಕ್ಕೂ ಬೆಳ್ಳಿಯ ಹೂವು. "ಹೂ ಯಾಕ್ರಿ ಉಸ್ತಾದ್?" ಎಂದರೆ, "ಬೀದರದಿಂದ ಹೋಗೂ ಸಾಮಾನು, ಖಾಲಿ ಹ್ಯಾಂಗ ಕಳಸೂದ್ರಿ?" ಎಂದರು.

ಕೋಟೆಯ ಹೊರಗಿನ ಬಯಲಿನಲ್ಲಿ ಪರೀಕ್ಷೆ. ಕಾಂಚನ್ ಸೀಸದ ಗುಂಡು ಕಟ್ಟಿ, ಕಾಲು ಅಗಲಿಸಿ, ಬೀಸಿದರು.

ಗುಂಡು ಹತ್ತು ಹೆಜ್ಜೆ ದೂರದಲ್ಲಿ ತೊಪ್ಪೆಂದು ಬಿತ್ತು. ದಾರ ಮೊದಲ ಉಂಗುರದ ಬಾಯಲ್ಲೇ ಸಿಕ್ಕಿ ಗುಬ್ಬಿಗೂಡಾಯಿತು. ಮತ್ತೆ ಬೀಸಿದರು. ಮತ್ತೆ ಗೂಡು. ಗಾಳಿ ಎದುರಿಗಿದೆ ಎಂದೆ ನಾನು. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.) ಅಲ್ಲಿ ಮೇಯುತ್ತಿದ್ದ ಆಡುಗಳು ಕೂಡ ಹೆದರಲಿಲ್ಲ.

ಕಾಂಚನ್ ದಾರದ ಸಿಕ್ಕು ಬಿಡಿಸುತ್ತ ಕೂತರು. ತಾವೇ ಎರಡು ಕೈಯಲ್ಲೂ ಬೀಸಲಾರದ ಈ ಕೋಲನ್ನು ಅಪ್ಪ ಮೂರು ಬೆರಳಲ್ಲಿ ಹೇಗೆ ಹಿಡಿಯುತ್ತಾರೆ ಎಂದು ಅವರು ಯೋಚಿಸುತ್ತಿದ್ದದ್ದು ಮುಖದ ಮೇಲೆಯೇ ಇತ್ತು. ರಜೆ ಶುರುವಾಗಲು ಎಂಟೇ ದಿನ ಉಳಿದಿತ್ತು. ನನಗೆ ನಾಚಿಕೆಯಾಯಿತು. ಗೊತ್ತಿಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು?

ಮರುದಿನ ಭಾನುವಾರ. ತಿಂಗಳಿಗೊಮ್ಮೆ ನಾನು ಔರಾದ ದಾಟಿ ಡಾಬಕಾ ಎಂಬ ಹಳ್ಳಿಗೆ ಹೋಗುತ್ತೇನೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ಸಾಲೆಯ ಮೆಟ್ಟಿಲು ಹತ್ತದವಳು. ಜೋಳದ ಕಾಳಿಗೆ ಹಾಲು ತುಂಬಿತ್ತು, ಸೀತನಿಯ ಕಾಲ. ಕೆಂಡದಲ್ಲಿ ಸುಟ್ಟ ಎಳೆ ತೆನೆ ತಿಂದರೆ ಮನಸ್ಸು ಹಗುರಾದೀತು ಎಂದು ಕಾಂಚನರನ್ನೂ ಕರೆದೊಯ್ದೆ. ಅವರು ಆ ಕೋಲನ್ನೂ ಬಿಡಲಿಲ್ಲ. ಬಸ್ಸಿನ ತುಂಬ ಮಂದಿ ನಮ್ಮನ್ನು ಜಗಳಕ್ಕೆ ಹೊರಟವರೆಂದು ಜಾಗ ಬಿಟ್ಟು ಕೂತರು.

ಹೊಲದ ನಡುವೆ ಅಟ್ಟದ ಮೇಲೆ ಅಕ್ಕ ಹಕ್ಕಿ ಕಾಯುತ್ತಿದ್ದಳು. ಕವಣೆಗೆ ಕಲ್ಲಿಟ್ಟು ತಲೆಯ ಸುತ್ತ ಒಂದೇ ಸುತ್ತು ತಿರುಗಿಸಿ ಬಿಟ್ಟಳು. ಕಲ್ಲು ಎರಡು ಹೊಲ ದಾಟಿ ಹೋಯಿತು. ಗಿಣಿಗಳ ಹಿಂಡು ಭರ್ರೆಂದು ಎದ್ದಿತು.

ಕಾಂಚನ್ ಬಾಯಿ ತೆರೆದುಕೊಂಡು ನಿಂತರು. "ಇದೇ ಮಾರಾಯ್ರೆ!" ಎಂದರು. "ಅಪ್ಪ ಎಸೀತಿದ್ದದ್ದು ಹೀಗೆಯೇ!"

ಅಕ್ಕ ಕೆಳಗಿಳಿದು ಬಂದಳು. ನನ್ನ ಭಾಲ್ಕಿಯ ಕೋಲನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದಳು.

"ಯಾರಿಗಿ ಬಡಿಯಾಕ ಹೊಂಟೀರಿ ತಮ್ಮಾ?"

ಕಾಂಚನ್ ಎಲ್ಲವನ್ನೂ ಹೇಳಿದರು. ಸಮುದ್ರ, ತೆರೆ, ಗಾಳ, ರೀಲು. ಅವಳಿಗೆ ಎಷ್ಟು ತಿಳಿಯಿತೋ, ಅವರ ಕನ್ನಡ ಎಷ್ಟು ತಿಳಿಯಿತೋ ಕಾಣೆ. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಒಗಿಯಾವ್ರ ಕೈ ಹ್ಯಾಂಗದರಿ ಸಾಹೇಬರ?"

ನಾನು ಚೀಟಿ ಓದಿದ್ದೆ, ಬಿದಿರು ಕುಟ್ಟಿದ್ದೆ, ಉಂಗುರ ಎಣಿಸಿದ್ದೆ. ಈ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಕಾಂಚನ್ ತಮ್ಮ ಬಲಗೈಯ ಎರಡು ಬೆರಳು ಮಡಚಿ ತೋರಿಸಿದರು. ಅಕ್ಕ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮನೆಗೆ ನಡೆದಳು, ನಾವು ಹಿಂದೆ.

ಅಡುಗೆಮನೆಯ ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಒಲೆಯ ಹೊಗೆ ಕುಡಿದು ಒಣಗಿದ ಬಿದಿರು ಬಿದ್ದಿದ್ದವು. ನಾಲ್ಕು ಇಳಿಸಿದಳು. ನೆಲಕ್ಕೆ ಕುಟ್ಟಲಿಲ್ಲ. ಒಂದೊಂದರ ತುದಿಗೂ ಕವಣೆಗಲ್ಲು ಕಟ್ಟಿ ಎತ್ತಿ ಹಿಡಿದು, ಎಷ್ಟು ಬಾಗುತ್ತದೆ ನೋಡಿದಳು. ಮೊದಲನೆಯದು ಪೂರಾ ಬಾಗಿತು. ಎರಡನೆಯದು ಅಲುಗಲೇ ಇಲ್ಲ. ಮೂರನೆಯದರ ತುದಿ ಚೆನ್ನಾಗಿ ಬಾಗಿ, ನಡು ಸ್ವಲ್ಪ ಬಾಗಿ, ಬುಡ ಗಟ್ಟಿಯಾಗಿ ನಿಂತಿತು. ಒಳಗೆ ಪೊಳ್ಳು, ಹಗುರ.

"ಬಾಗಿದ್ದೇ ಒಗೀತದ ತಮ್ಮಾ, ಬಿರುಸಿದ್ದದ್ದು ಏನ್ ಒಗೀತದ?" ಎಂದಳು.

ಸಣ್ಣ ಮೀನಿಗೂ ದೊಡ್ಡದಕ್ಕೂ ಇದೊಂದೇ ಆದೀತೆ ಎಂದು ಕಾಂಚನರಿಗೆ ಅನುಮಾನ. "ಗುಬ್ಬಿಗಿ ಒಂದು, ಗಿಣಿಗಿ ಒಂದು ಅಂತ ಎರಡು ಕವಣಿ ಇಡತೇವೇನ್ರಿ? ಕವಣಿ ಒಂದೇ, ಕಲ್ಲು ಬ್ಯಾರೆ," ಎಂದಳು. ಇಂಗ್ಲಿಷ್ ಚೀಟಿ ಒಂದು ಪುಟದಲ್ಲಿ ಹೇಳಿದ್ದು ಇಷ್ಟೇ.

ರೀಲಿನ ದಾರ ಬಿಚ್ಚಿಕೊಳ್ಳುವುದನ್ನು ಎರಡು ಸಲ ಮಾಡಿಸಿ ನೋಡಿದಳು. ಉಸ್ತಾದರ ಉಂಗುರ ಹಿಡಿದು ನಕ್ಕಳು. "ಎಲ್ಲಾ ದನ ಒಮ್ಮೆಲೆ ಹೊರಗ ಬಿದ್ರ ಕೊಟ್ಟಿಗಿ ಬಾಗಲ ದೊಡ್ಡದಿರಬೇಕಲ್ಲ? ಈ ಯಂತ್ರದ ಹತ್ರದ್ದು ಕೈಬಳಿಯಷ್ಟು ಇರಲಿ, ಮುಂದ ಮುಂದ ಸಣ್ಣಾಗಲಿ."

ಕೊನೆಗೆ ಹಿಡಿಕೆ. ಹಳೆಯ ಸೀರೆಯ ಅಂಚು ಹರಿದು ಬಿದಿರಿನ ಸುತ್ತ ಬಿಗಿಯಾಗಿ ಸುತ್ತತೊಡಗಿದಳು. ಅಂಗೈ ಕೂರುವಲ್ಲಿ ದಪ್ಪಗೆ, ಬೆರಳು ಬರುವಲ್ಲಿ ತೆಳ್ಳಗೆ. ಬುಡದ ತುದಿಯಲ್ಲಿ ಇನ್ನೊಂದು ಸುತ್ತು. "ಬಲಗೈ ಬರೇ ಹಿಡೀಲಿ, ಎಡಗೈಲೆ ಬುಡ ಎದಿಗಿ ಜಗ್ಗಲಿಕ್ಕ ಹೇಳ್ರಿ. ಬೆರಳಿಲ್ಲದ ಕೈಗಿ ದಪ್ಪ ಇದ್ರ ಆಸರ ಆಗ್ತದ," ಎಂದಳು. ಆ ಅರ್ಧ ಗಂಟೆ ನಾನು ಸೀತನಿ ತಿನ್ನುತ್ತಿದ್ದೆ.

ಉಸ್ತಾದರು ಬೇಸರಿಸದೆ ಉಂಗುರಗಳನ್ನು ಹೊಸದಾಗಿ ಮಾಡಿದರು. ಹೂವುಗಳನ್ನು ಮಾತ್ರ ಬಿಡಲಿಲ್ಲ. ಬಸ್ಸಿನಲ್ಲಿ ಒಯ್ಯಲು ಕೋಲನ್ನು ಎರಡು ತುಂಡು ಮಾಡಿ ನಡುವೆ ಹಿತ್ತಾಳೆಯ ಕೊಳವೆ ಕೂರಿಸಿಕೊಟ್ಟರು. ಅದೇ ಬಯಲು, ಅದೇ ಆಡುಗಳು. ಕಾಂಚನ್ ಎರಡು ಬೆರಳು ಮಡಚಿಕೊಂಡೇ ಬೀಸಿದರು. ದಾರ ಸುಯ್ಯೆಂದು ಹಾಡುತ್ತ ಹೋಯಿತು. ಆಡುಗಳು ದಿಕ್ಕಾಪಾಲಾದವು. ಸರ್ಕಾರಿ ನೌಕರರಿಬ್ಬರು ಬಯಲಿನಲ್ಲಿ ಅಪ್ಪಿಕೊಂಡು ಕುಣಿದದ್ದನ್ನು ನೀವು ಯಾರಾದರೂ ನೋಡಿದ್ದರೆ, ದಯವಿಟ್ಟು ಸಾಹೇಬರಿಗೆ ಹೇಳಬೇಡಿ.

ಕಾಂಚನ್ ಹೋಗಿ ಬಂದರು. ಕೈ ಖಾಲಿ, ಮುಖ ಅರಳಿತ್ತು.

"ಮೊದಲ ದಿನ ಮುಟ್ಟಲೇ ಇಲ್ಲ," ಎಂದರು. "ಎರಡನೇ ದಿನ ನಾನು ಒಳಗಿರುವಾಗ ಜಗಲಿಯಿಂದ ತಕ್ಕೊಂಡು ದಂಡೆಗೆ ಹೋಗಿದ್ದಾರೆ, ಒಬ್ಬರೇ. ನಾನು ಓಡಿದೆ. ನಾಲ್ಕನೇ ಸಲಕ್ಕೆ ಗುಂಡು ಮೂರನೇ ತೆರೆ ದಾಟಿತು."

"ಮೀನು ಸಿಕ್ಕಿತೇನ್ರಿ?"

"ಒಂದು ಸಿಕ್ಕಿತು. ಬೆಕ್ಕಿಗೂ ಸಾಲದ್ದು. ಆದ್ರೆ ಅಪ್ಪ ಕತ್ತಲಾಗುವವರೆಗೆ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ರು ಮಾರಾಯ್ರೆ." ಓವರ್ಸಿಯರರ ಕಣ್ಣು ತುಂಬಿತು. ನನ್ನದೂ. ಮುಚ್ಚಿಡುವುದೇನಿದೆ?

ಆಮೇಲೆ ನೆನಪಾದವರಂತೆ, "ಅಪ್ಪ ಒಂದು ಕೇಳಿದ್ರು," ಎಂದರು. "ಹಿಡಿಕೆ ಕೈಯಲ್ಲಿ ಹಿಡಿದವರೇ, ಈ ಬಟ್ಟೆ ಸುತ್ತಿದವರ ಕೈಗೆ ಏನಾಗಿದೆ ಅಂತ ಕೇಳಿದ್ರು."

ನಾನು ನಕ್ಕುಬಿಟ್ಟೆ. "ನಮ್ಮ ಅಕ್ಕನ ಕೈಗಾ? ಕಬ್ಬಿಣ ಇದ್ದಾಂಗ ಅದರಿ!"

"ಅಪ್ಪ ಸುಮ್ಮನೆ ಹೇಳುವವರಲ್ಲ," ಎಂದರು ಕಾಂಚನ್.

ಕಳೆದ ಭಾನುವಾರ ಡಾಬಕಾಕ್ಕೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತು ಮೊದಲ ಸಲ ಅವಳ ಕೈ ನೋಡಿದೆ. ನಾಲ್ಕು ಬೆರಳು ಹಿಟ್ಟಿನ ಮೇಲೆ ಓಡಾಡುತ್ತಿದ್ದವು. ಬಲಗೈಯ ಹೆಬ್ಬೆರಳು ಮಾತ್ರ ನೆಟ್ಟಗೆ, ಮಡಚದೆ ನಿಂತಿತ್ತು. ಬುಡದಲ್ಲಿ ಹಳೆಯ ಗಾಯದ ಗೆರೆ.

"ಅಕ್ಕಾ, ಇದೇನು?"

"ಕುಡಗೋಲು ತಾಗಿತ್ತು. ನಾಕು ವರ್ಷ ಆಯ್ತು. ಮಡಚಂಗಿಲ್ಲ," ಎಂದಳು, ರೊಟ್ಟಿ ತಿರುಗಿಸುತ್ತ. ಅವಳ ಕವಣೆಯ ಹಿಡಿಗೂ ಅದೇ ಸೀರೆಯಂಚಿನ ದಪ್ಪ ಸುತ್ತು ಇತ್ತು. ಗೋಡೆಯ ಗೂಟಕ್ಕೆ, ನನ್ನ ತಲೆಯ ಮೇಲೆಯೇ ತೂಗುತ್ತಿತ್ತು.

ನಾಲ್ಕು ವರ್ಷ! ತಿಂಗಳಿಗೊಮ್ಮೆ ಬಂದು, ಇದೇ ಒಲೆಯ ಮುಂದೆ, ಇದೇ ಮಣೆಯ ಮೇಲೆ ಕೂತು, ಇದೇ ಕೈಯಿಂದ ಬಡಿಸಿಕೊಂಡು ಉಂಡವನು ನಾನು. ಅವಳನ್ನು ಕಾಣದ ಯಾರೋ ಮುದುಕರಿಗೆ ಒಂದು ಹಿಡಿಕೆ ಮುಟ್ಟಿದಷ್ಟರಲ್ಲೇ ತಿಳಿಯಿತು.

"ನನಗ ಯಾಕ ಹೇಳಲಿಲ್ಲಕ್ಕಾ?" ಎಂದೆ.

ಅಕ್ಕ ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿದಳು.

"ಹೇಳೂದೇನದ ತಮ್ಮಾ? ನೀ ತಿಂದ ರೊಟ್ಟಿ ದುಂಡಗ ಇದ್ದಿದ್ದಿಲ್ಲೇನು?"