ತಾತ ಗಂಗೇಲಿ ಬಿಟ್ಟ ಚಕ್ಲಿ

ಮೊನ್ನೆ ಹಾಸ್ಟೆಲ್‌ನಲ್ಲಿ ನನ್ನ ರೂಮಿನ ಹುಡುಗಿ ಹಲ್ಲುನೋವು ಅಂತ ಲವಂಗದೆಣ್ಣೆ ಹಚ್ಚಿದ ಹತ್ತಿ ಕಚ್ಕೊಂಡು ಮಲಗಿದ್ಳು. ಅವಳು ನರಳ್ತಿದ್ರೆ ನಾನು ಅವಳ ಮುಖದ ಹತ್ರಾನೇ ಮೂಗಿಟ್ಕೊಂಡು ಕೂತಿದ್ದೆ. ನನಗೆ ಕರುಣೆ ಜಾಸ್ತಿ ಅಂತ ಅವಳು ಅಂದ್ಕೊಂಡ್ಳು, ಅಂದ್ಕೊಳ್ಲಿ ಅಂತ ಸುಮ್ಮನಾದೆ. ಆ ವಾಸನೆಗೆ ನಾನು ಮೈಸೂರಲ್ಲೇ ಇರ್ಲಿಲ್ಲ, ಕಾಶಿಯ ಭೇಲೂಪುರದ ನಮ್ಮ ಬಾಡಿಗೆ ಮನೇಲಿದ್ದೆ. ಆ ಮನೆಯ ಮುಂದಿನ ರೂಮು ಅಮ್ಮನ ಹಲ್ಲಿನ ಕ್ಲಿನಿಕ್ಕು, ಹಿಂದಿನ ರೂಮುಗಳಲ್ಲಿ ನಾವು. ಮುಂದಿನಿಂದ ಲವಂಗದೆಣ್ಣೆ, ಹಿಂದಿನಿಂದ ಅಜ್ಜಿಯ ಒಗ್ಗರಣೆ, ಎರಡೂ ನಡುಮನೇಲಿ ಡಿಕ್ಕಿ ಹೊಡೆದು ಸಾರಿಗೇ ಹಲ್ಲುನೋವು ಬಂದಿದೆಯೇನೋ ಅನ್ನೋ ಹಾಗಿರ್ತಿತ್ತು. ಕಿಟಕಿ ಕಟ್ಟೆ ಮೇಲೆ ಪೇಶೆಂಟುಗಳ ಬಾಯಿಯ ಅಚ್ಚುಗಳು, ಬಿಳೀ ಪ್ಲಾಸ್ಟರಿನವು, ಸಾಲಾಗಿ ಹಲ್ಲು ಕಿರ್ಕೊಂಡು ಒಣಗ್ತಿದ್ವು. ಸ್ಕೂಲಿನ ಗೆಳತಿಯರನ್ನ ಕರ್ಕೊಂಡು ಬಂದು, ಇವೆಲ್ಲ ಹರಿಶ್ಚಂದ್ರ ಘಾಟಿನ ಸ್ಮಶಾನದಿಂದ ಎದ್ದು ಬಂದಿದ್ದು, ಕರೆಂಟ್ ಹೋದಾಗ ಮಾತಾಡ್ಕೊಳ್ತವೆ ಅಂತ ಹಿಂದೀಲಿ ರೈಲು ಬಿಟ್ಟಿದ್ದೆ. ಒಬ್ಳು ಮೂರು ದಿನ ಸ್ಕೂಲಿಗೇ ಬರ್ಲಿಲ್ಲ. ಸರಿ, ಒಂದು ದಿನ. ಹೇಳೋವಾಗ ಎರಡು ಸೇರಿಸೋದು ನನ್ನ ಅಭ್ಯಾಸ.

ನನಗೆ ಒಂಬತ್ತು ವರ್ಷ ಇದ್ದಾಗ ತಾತ, ಅಜ್ಜಿ ಅರಸೀಕೆರೆಯಿಂದ ನಮ್ಮ ಜತೇಲೇ ಇರೋಕೆ ಬಂದ್ರು. ತಾತ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದೋರು, ಊಟಕ್ಕೆ ಕೂತ್ರೂ ಗಡಿಯಾರ ನೋಡೋರು. ಬಂದ ವಾರದಲ್ಲೇ ಕೇದಾರ ಘಾಟಲ್ಲಿ ಸ್ನಾನ. ಕಾಶಿಗೆ ಬಂದೋರು ತಮಗಿಷ್ಟವಾದ ತಿನ್ನೋ ವಸ್ತು ಒಂದನ್ನ ಗಂಗೇಲಿ ಬಿಡ್ಬೇಕಲ್ಲ, ಆಮೇಲೆ ಬದುಕಿರೋ ತನಕ ಅದನ್ನ ಬಾಯಿಗಿಡೋ ಹಾಗಿಲ್ಲ. ನಮ್ಮ ಮನೆಗೆ ಬರ್ತಿದ್ದ ನೆಂಟರೆಲ್ಲ ಜಾಣರು, ಹಾಗಲಕಾಯಿ ಬಿಡ್ತಿದ್ರು. ಅಷ್ಟೂ ಹಾಗಲಕಾಯಿ ನಿಜವಾಗ್ಲೂ ನೀರಿಗೆ ಬಿದ್ದಿದ್ರೆ ಆಚೆ ದಡಕ್ಕೆ ಕಾಲು ಒದ್ದೆ ಆಗ್ದೇ ನಡ್ಕೊಂಡು ಹೋಗ್ಬಹುದಿತ್ತು. ಅಜ್ಜಿ ಮಾತ್ರ ಮಾವಿನಹಣ್ಣು ಬಿಟ್ರು. ಬೇಸಿಗೆ ಪೂರ್ತಿ ಬೀದಿ ಬೀದೀಲಿ ಲಂಗ್ಡಾ ಮಾವು ಘಮ್ಮೆನ್ನೋ ಊರಲ್ಲಿ ನಿಂತ್ಕೊಂಡು ಮಾವಿನಹಣ್ಣು! ತಾತ ಸೊಂಟದ ತನಕ ನೀರಲ್ಲಿ ನಿಂತು, ಗಂಟಲು ಸರಿಮಾಡ್ಕೊಂಡು, ರೈಲು ಬರೋದನ್ನ ಅನೌನ್ಸ್ ಮಾಡೋ ಥರ "ಚಕ್ಲಿ" ಅಂದ್ರು. "ಹಣ್ಣೋ ತರಕಾರಿಯೋ ಹೇಳಿ ಯಜಮಾನ್ರೇ" ಅಂದ್ರು ಪುರೋಹಿತರು. "ನನಗೆ ಪ್ರಾಣ ಅಂದ್ರೆ ಇವಳ ಕೈ ಚಕ್ಲಿ. ಅದನ್ನೇ ಬಿಟ್ಟೆ, ಬರ್ಕೊಳ್ಳಿ" ಅಂದ್ರು ತಾತ. ಅಜ್ಜಿ ಒದ್ದೆ ಸೆರಗಲ್ಲೇ ಕಣ್ಣೊರೆಸ್ಕೊಂಡ್ರು. ಅವತ್ತಿಂದ ಮಠದಲ್ಲಿ, ಘಾಟಿನ ಮೆಟ್ಟಿಲ ಮೇಲೆ, ಕನ್ನಡ ಬರೋ ಯಾರು ಸಿಕ್ಕಿದ್ರೂ ಅಜ್ಜೀದು ಇದೇ ಮಾತು: ನಮ್ಮನೆಯವ್ರು ಹಾಗಲಕಾಯಿ ಬಿಟ್ಟೋರಲ್ಲ.

ಮನೆಗೆ ಬರ್ತಾ ರಿಕ್ಷಾದಲ್ಲಿ ನಾನೂ ತಾತನೂ ಇಬ್ರೇ. "ಪುಟ್ಟೀ, ಇಲ್ನೋಡು" ಅಂತ ಬಾಯಿ ತೆಗೆದ್ರು. ಎಡಗಡೆ ದವಡೆ ಹಲ್ಲು ಅರ್ಧ ಮುರಿದು ಮೊಂಡಾಗಿತ್ತು, ಬಲಗಡೆ ಒಂದು ಇರ್ಲೇ ಇಲ್ಲ. "ವರ್ಷದಿಂದ ಕಡಿಯೋಕಾಗ್ತಿಲ್ಲ ಕಣೇ. ನಿಮ್ಮಜ್ಜಿ ಬೇಜಾರು ಮಾಡ್ಕೊಳ್ತಾಳೆ ಅಂತ ಜೇಬಿಗೆ ಹಾಕ್ಕೊಂಡು ಹೋಗಿ ಸ್ಟೇಷನ್ ನಾಯಿಗೆ ಹಾಕ್ತಿದ್ದೆ. ಇನ್ನು ಆ ಕಷ್ಟ ಇಲ್ಲ. ಯಾರ ಹತ್ರಾನೂ ಬಾಯಿ ಬಿಡ್ಬೇಡ." ನನ್ನ ಬಾಯಲ್ಲಿ ಏನು ನಿಂತಿದೆ ಹೇಳಿ? ಆದ್ರೂ ಇದನ್ನ ಇಟ್ಕೊಂಡೆ. ಒಳ್ಳೇತನಕ್ಕಲ್ಲ. ಇಷ್ಟು ಚೆನ್ನಾಗಿರೋ ಜೋಕನ್ನ ಸಣ್ಣ ಗುಂಪಿಗೆ ಹೇಳಿ ವೇಸ್ಟ್ ಮಾಡೋಕೆ ಮನಸ್ಸು ಬರ್ಲಿಲ್ಲ, ಅಷ್ಟೇ.

ಆದ್ರೆ ಸೊಸೆ ಹಲ್ಲಿನ ಡಾಕ್ಟ್ರಾಗಿದ್ದಾಗ ಮಾವ ಅನ್ನ ಅಗಿಯದೇ ನುಂಗೋದು ಎಷ್ಟು ದಿನ ನಡೀತದೆ? ಒಂದಿನ ಅಮ್ಮ ಹಿಡ್ಕೊಂಡು ಹೋಗಿ ಕುರ್ಚಿ ಮೇಲೆ ಕೂರಿಸೇಬಿಟ್ಳು. "ಈ ವಯಸ್ಸಲ್ಲಿ ಯಾಕಮ್ಮ" ಅಂತ ತಾತ ತುಂಬಾ ಒದ್ದಾಡಿದ್ರು. ಕಾರಣ ನನಗೊಬ್ಬಳಿಗೇ ಗೊತ್ತು: ಹಲ್ಲು ಬಂದ್ರೆ ಚಕ್ಲಿ ಆಸೆಯೂ ಬರ್ತದೆ. ಮುರಿದ ಹಲ್ಲಿಗೆ ಕ್ಯಾಪು, ಖಾಲಿ ಜಾಗಕ್ಕೆ ಬ್ರಿಡ್ಜು ಅಂತ ತೀರ್ಮಾನ ಆಯ್ತು. ಬ್ರಿಡ್ಜ್ ಕೂರಿಸೋಕೆ ಆಚೀಚೆಯ ಹಲ್ಲುಗಳನ್ನ ಸವೆಸ್ಬೇಕು ಅಂದಾಗ ತಾತ, "ಹೋಗಿರೋದು ಒಂದು, ಚೆನ್ನಾಗಿರೋ ಎರಡಕ್ಕೆ ಯಾಕಮ್ಮ ಶಿಕ್ಷೆ?" ಅಂದ್ರು. "ಇಲ್ಲದೇ ಇರೋದನ್ನ ಇರೋವೇ ಹೊತ್ಕೋಬೇಕು ಮಾವ, ಬಾಯಿ ತೆಗೀರಿ" ಅಂದ್ಳು ಅಮ್ಮ. ಗುಲಾಬಿ ಪೇಸ್ಟಲ್ಲಿ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದ್ಳು. ಹತ್ತು ದಿನಕ್ಕೆ ಹಲ್ಲು ಬಂತು. ನೀಲಿ ಗುರುತು ಬೀಳೋ ಕಾಗದ ಕಚ್ಚಿಸಿ, ಎತ್ತರ ಇದ್ದ ಕಡೆ ಉಜ್ಜಿ, ಅಂಟಿಸಿದ್ಳು. ಮಾರನೇ ದಿನ ತಾತ ಬೀದಿ ಬಾಗಿಲಲ್ಲಿ ನಿಂತು ಹುರಿದ ಕಡಲೆ ತಿಂದ್ರು ನೋಡಿ, ಗೂಡ್ಸ್ ಗಾಡಿ ಸೇತುವೆ ದಾಟಿದ ಹಾಗಿತ್ತು ಸದ್ದು. ಅಸ್ಸಿ ಘಾಟಿನ ತನಕ ಕೇಳಿಸ್ತು ಅಂತ ನಾನು ಎಲ್ಲರಿಗೂ ಹೇಳ್ದೆ.

ಅದಾದ ತಿಂಗಳಿಗೇ ಕೃಷ್ಣಾಷ್ಟಮಿ. ಅಜ್ಜಿ ದೇವರಿಗೆ ಅಂತ ಚಕ್ಲಿ ಒತ್ತಿದ್ರು. ಬೆಣ್ಣೆ, ಎಳ್ಳು, ಕಾದೆಣ್ಣೆ. ಆ ಘಮಕ್ಕೆ ಲವಂಗದೆಣ್ಣೆ ಮನೆ ಬಿಟ್ಟೇ ಓಡಿಹೋಗಿತ್ತು. ತಾತ ಬೆಳಗಿನಿಂದ ಪೇಪರಿನ ಒಂದೇ ಪುಟ ಓದ್ತಿದ್ರು. "ಅವ್ರ ಎದುರಿಗೆ ತಿನ್ಬೇಡ ಮಗೂ, ಪಾಪ, ಮಹಡಿಗೆ ಹೋಗು" ಅಂದ್ರು ಅಜ್ಜಿ. ಸ್ವಲ್ಪ ಹೊತ್ತಿಗೆ ತಾತನೂ ಮಹಡಿಗೆ ಬಂದ್ರು. ನಾನು ಫ್ರಾಕಿನೊಳಗೆ ಬಚ್ಚಿಟ್ಟಿದ್ದ ಒಂದನ್ನ ತೆಗೆದು, "ತಗೊಳ್ಳಿ ತಾತ, ಅವತ್ತು ಬಿಟ್ಟಿದ್ದೇ ಸುಳ್ಳಲ್ವಾ" ಅಂದೆ. ಅವರು ಅದನ್ನ ಅಂಗೈ ಮೇಲೆ ಇಟ್ಕೊಂಡು, ಮೂಗಿನ ಹತ್ರ ತಗೊಂಡ್ಹೋಗಿ ವಾಸನೆ ನೋಡಿದ್ರು. ಆಮೇಲೆ ವಾಪಸ್ ನನ್ನ ಕೈಗೇ ಕೊಟ್ರು. "ಅವತ್ತು ನಾನು ಏನೂ ಬಿಟ್ಟಿರ್ಲಿಲ್ಲ ಪುಟ್ಟಿ. ಇವತ್ತು ಬಿಡ್ತಿದ್ದೀನಿ. ಅವಳು ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾಳಲ್ಲ, ಸುಳ್ಳಾಗ್ಬಾರ್ದು. ನೀನೇ ತಿನ್ನು. ಸ್ವಲ್ಪ ಸದ್ದು ಮಾಡಿ ತಿನ್ನು." ನಾನು ತಿಂದೆ. ನಾಲ್ಕು ವರ್ಷ, ಪ್ರತಿ ಅಷ್ಟಮಿಗೂ, ಅವರ ಪಕ್ಕ ಕೂತು ತಿಂದೆ.

ಈಗ ಆ ಮನೆ ಇಲ್ಲ. ಕ್ಲಿನಿಕ್ಕಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆಯಂತೆ. ಅಜ್ಜಿಯೂ ಇಲ್ಲ. ನಿಮಗೂ ಇಂಥದೊಂದು ಮನೆ ಇದ್ದಿದ್ರೆ ಗೊತ್ತಿರ್ತದೆ, ಅದು ಖಾಲಿ ಮಾಡಿದ ದಿನ ಮುಗಿಯಲ್ಲ, ಅದಕ್ಕೂ ಮುಂಚೆ ಯಾವತ್ತೋ ಮುಗಿದಿರ್ತದೆ. ನನ್ನ ಲೆಕ್ಕದಲ್ಲಿ ಅದು ತಾತ ಹೋದ ಹದಿಮೂರನೇ ದಿನ. ಅರಸೀಕೆರೆಯ ನೆಂಟರೆಲ್ಲ ಬಂದಿದ್ರು. ನಡುಮನೇಲಿ ತಾತನ ಹೆಸರಲ್ಲಿ ಒಂದು ಎಲೆ ಹಾಕಿ, ಅವರಿಗಿಷ್ಟವಾದ್ದನ್ನೆಲ್ಲ ಬಡಿಸ್ತಿದ್ರು. ಅಮ್ಮ ಯಾರ ಕೈಲೋ ಚಕ್ಲಿ ಮಾಡಿಸಿ ತಂದಿದ್ಳು. "ಅತ್ತೆ, ಇದನ್ನ ಬಡಿಸ್ಲಾ? ಮಾವಂಗೆ ಅಷ್ಟು ಇಷ್ಟ" ಅಂದ್ಳು. ಅಜ್ಜಿ ಸೌಟು ಹಿಡ್ಕೊಂಡು ನಿಂತೇಬಿಟ್ರು. ನನಗೆ ಅಷ್ಟು ದೊಡ್ಡ ಗುಂಪು ಮತ್ತೆ ಸಿಕ್ತಿರ್ಲಿಲ್ಲ. ರಿಕ್ಷಾದಲ್ಲಿ ತಾತ ಬಾಯಿ ತೆಗೆದು ತೋರಿಸಿದ್ದನ್ನ ಹೇಳಿದ್ರೆ ಸಾಕಿತ್ತು, ಅಳ್ತಿದ್ದೋರೆಲ್ಲ ನಗ್ತಿದ್ರು, ತಾತನಿಗೆ ಚಕ್ಲಿಯೂ ಸಿಕ್ತಿತ್ತು. ಬಾಯಿ ತೆಗೆದೆ. ಅಜ್ಜಿ ಮುಖ ನೋಡಿ ಮುಚ್ಕೊಂಡೆ.

"ಬೇಡಮ್ಮ" ಅಂದ್ರು ಅಜ್ಜಿ. "ಹಲ್ಲು ಬಂದ್ಮೇಲೂ ಮುಟ್ಟದೇ ಇದ್ದೋರು. ಈಗ ನಾನು ಬಡಿಸಿ ಅವ್ರ ಮಾತು ಯಾಕೆ ಮುರಿಸ್ಲಿ?" ಆಮೇಲೆ ತಾವೇ ಕೂತು ಕೋಸಂಬರಿ, ಪಲ್ಯ, ಆಂಬೊಡೆ ಒಂದೊಂದೇ ಬಡಿಸಿದ್ರು. ಆಂಬೊಡೆಗೂ ಪಾಯಸಕ್ಕೂ ನಡುವೆ, ಎಲೆ ಮೇಲೆ, ಒಂದು ಚಕ್ಲಿ ಅಗಲದ ಜಾಗ ಹಾಗೇ ಬಿಟ್ರು.