ಬೂಟಿನ ಮೂತಿ ಸವೆದದ್ದು ಹೇಗೆ

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವರನ್ನು ಕಂಡರೆ ಯಾರಿಗೂ ಆಗದು. ಟಿಕೆಟ್ ತಗೊಂಡವರೂ ಅವರ ಮುಖ ಕಂಡೊಡನೆ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಈ ಕಥೆಯ ತಾತ ಆಯುಷ್ಯದ ಮುಕ್ಕಾಲು ಪಾಲನ್ನು ಅದೇ ಕೆಲಸದಲ್ಲಿ ಸವೆಸಿದವರು. ಡಿಪೋದಲ್ಲಿ ಅವರಿಗೆ ‘ಹದ್ದು’ ಎಂದೇ ಹೆಸರು. ಬೈಗುಳದ ಹೆಸರು ಅದು, ಆದರೆ ತಾತ ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದರು.

ಅವರ ವಿದ್ಯೆ ಎರಡೇ ಮಾತಿನದು. ಒಂದು, ಎಲ್ಲರೂ ಮುಂಬಾಗಿಲು ನೋಡುತ್ತಿರುವಾಗ ಹಿಂಬಾಗಿಲಿನಿಂದ ಹತ್ತಬೇಕು. ಇನ್ನೊಂದು, ಮುಖ ನೋಡಬಾರದು, ಕಾಲು ನೋಡಬೇಕು. “ಬಾಯಿ ಸುಳ್ಳು ಹೇಳುತ್ತೆ, ಮುಖ ಅದಕ್ಕೆ ತಾಳ ಹಾಕುತ್ತೆ. ಕಾಲಿಗೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ,” ಎನ್ನುತ್ತಿದ್ದರು. ಟಿಕೆಟ್ ಇಲ್ಲದವನ ಪಾದ ತಾನಾಗಿ ಬಾಗಿಲ ಕಡೆ ತಿರುಗಿರುತ್ತದಂತೆ.

ನಿವೃತ್ತಿ ಆಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣ ಅದಕ್ಕಿಂತ ಗಟ್ಟಿ. ಹಾಲಿನವನು ನೀರು ಬೆರೆಸುತ್ತಾನೆ, ಪಕ್ಕದ ಮನೆಯಾಕೆ ಗೋಡೆಗೆ ಕಿವಿ ಇಡುತ್ತಾಳೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸ್ವಂತ ಮಗಳು ತಮ್ಮ ಕಾಫಿಗೆ ಸಕ್ಕರೆ ಕಡಿಮೆ ಹಾಕಿ ‘ಹಾಕಿದೀನಿ’ ಅನ್ನುತ್ತಾಳೆ ಎಂದು ಎಲ್ಲರ ಮೇಲೂ ತಾತನಿಗೆ ಗುಮಾನಿ. ಕೊನೆಯದು ನಿಜವೇ ಆಗಿತ್ತು. ಲಾರಿ ಓಡಿಸುವ ಅಳಿಯ ಮನೆಗೆ ಬರುವುದೇ ಅಪರೂಪ, ಆದ್ದರಿಂದ ಅವನೊಬ್ಬ ಪಾರಾಗಿದ್ದ.

ಇಷ್ಟೆಲ್ಲ ಸಂಶಯದ ನಡುವೆ ತಾತ ಕಣ್ಣುಮುಚ್ಚಿ ನಂಬುತ್ತಿದ್ದದ್ದು ಒಂದೇ ಜೀವವನ್ನು, ಮೊಮ್ಮಗಳನ್ನು. ಮನೆಯಲ್ಲಿ ಅವಳನ್ನು ಚಿನಕುರಳಿ ಎಂದು ಕರೆಯುತ್ತಿದ್ದರು, ಅಷ್ಟು ಮಾತು. ಮಾತಿಗೆ ಇದ್ದ ವೇಗ ಕಾಲಿಗೆ ಇರಲಿಲ್ಲ. ಹುಟ್ಟುವ ಹೊತ್ತಿಗೇ ಮೆದುಳಿಗೆ ಪೆಟ್ಟಾಗಿ ಬಂದ ಸೆರೆಬ್ರಲ್ ಪಾಲ್ಸಿ. ಕಾಲಿನ ಸ್ನಾಯುಗಳು ಬಿಗಿ, ಹಿಮ್ಮಡಿ ನೆಲ ಮುಟ್ಟದು, ನಿಲ್ಲಿಸಿದರೆ ಮೊಣಕಾಲುಗಳು ಒಂದಕ್ಕೊಂದು ಒರಗಿಕೊಳ್ಳುತ್ತಿದ್ದವು. ಚಿಕ್ಕವಳಿದ್ದಾಗ ಒಮ್ಮೆ ಬಿದ್ದು ಗದ್ದ ಒಡೆದುಕೊಂಡಿದ್ದಳು. ಅಂದಿನಿಂದ ತಾತ ಅವಳನ್ನು ನೆಲಕ್ಕೆ ಬಿಟ್ಟದ್ದೇ ಕಡಿಮೆ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಊಟದ ಮಣೆಗೆ, ಅಲ್ಲಿಂದ ಶಾಲೆಯ ವ್ಯಾನಿಗೆ, ಎಲ್ಲಕ್ಕೂ ತಾತನ ಸೊಂಟವೇ ವಾಹನ. ಆಸ್ಪತ್ರೆಯವರು ಕೊಡಿಸಿದ ವಾಕರ್ ಕೋಣೆಯ ಮೂಲೆಯಲ್ಲಿತ್ತು. ತಾತ ಅದರ ಮೇಲೆ ತಮ್ಮ ಟವೆಲ್ ಒಣಹಾಕುತ್ತಿದ್ದರು.

ಮಗಳು ಸುಮ್ಮನಿರಲಿಲ್ಲ. “ಅಪ್ಪ, ಹೀಗೆ ಹೊತ್ಕೊಂಡೇ ತಿರುಗಿದ್ರೆ ಅವಳ ಕಾಲು ಇನ್ನೂ ಬಿಗಿಯುತ್ತೆ ಅಂತ ಡಾಕ್ಟರು ಹೇಳಿದಾರೆ. ಮೈ ಆಡಿಸ್ತಾನೇ ಇರಬೇಕು,” ಎಂದು ಅವಳನ್ನು ವಾರಕ್ಕೊಮ್ಮೆ ಒಂದು ಆಟದ ಕೂಟಕ್ಕೆ ಸೇರಿಸಿದಳು. ಹಳೇ ಗೋದಾಮಿನ ಹಜಾರದಲ್ಲಿ ಇಂಥ ಮಕ್ಕಳೂ ಅವರ ಮನೆಯವರೂ ಸೇರಿ ಆಡುವ ಕೂಟ ಅದು. ಕರೆದುಕೊಂಡು ಹೋಗುವ ಕೆಲಸ ತಾತನ ತಲೆಗೆ ಬಿತ್ತು.

ಮೊದಲ ದಿನವೇ ಆಟದ ಟೀಚರಿಗೂ ತಾತನಿಗೂ ಎಣ್ಣೆ ಸೀಗೆಕಾಯಿ ಆಯಿತು. “ಸಾರ್, ಇಲ್ಲೊಂದು ಕಟ್ಟಳೆ ಇದೆ. ಒಳಗೆ ಬಂದ ಮನೆಯವರು ಆಡಲೇಬೇಕು. ಸುಮ್ನೆ ಕೂತು ನೋಡೋ ಹಾಗಿಲ್ಲ,” ಎಂದಳು ಆಕೆ.

“ಈ ವಯಸ್ಸಲ್ಲಿ ನಾನು ಚೆಂಡಾಟ ಆಡ್ಲಾ?”

“ಆಡದಿದ್ರೆ ಹೊರಗೆ ಬೆಂಚಿದೆ.”

ತಾತ ಬೆಂಚಿನ ಮೇಲೆ ಕೂತರು. ಬಾಗಿಲು ಮುಚ್ಚಿತು. ಒಳಗಿಂದ ಧಡ್ ಎಂದು ಸದ್ದು, ಹಿಂದೆಯೇ ನಗು. ನೋಡುವವರನ್ನು ಹೊರಗೆ ಹಾಕುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅವರ ಹಳೇ ಬುದ್ಧಿ ಆಗಲೇ ಗುರುತು ಹಾಕಿಕೊಂಡಿತು.

ಸಾಕ್ಷಿ ಸಿಕ್ಕಿದ್ದು ಕೆಲವು ವಾರಗಳ ಮೇಲೆ, ಚಿನಕುರಳಿಯ ಬೂಟಿನಲ್ಲಿ. ಹೊಸ ಬೂಟು. ಶಾಲೆಯಲ್ಲಿ ಅವಳು ಗಾಲಿಕುರ್ಚಿಯಲ್ಲಿ, ಮನೆಯಲ್ಲಿ ತಾತನ ಸೊಂಟದ ಮೇಲೆ. ಬೂಟು ಅಂಗಡಿಯಿಂದ ಬಂದ ಹಾಗೇ ಇರಬೇಕಿತ್ತು. ಆದರೆ ಎರಡರ ಮೂತಿಯೂ ಉಜ್ಜಿ ಬಣ್ಣ ಬಿಟ್ಟಿತ್ತು, ಬಲಗಡೆಯದು ತುಸು ಹೆಚ್ಚೇ. ತಾತ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಯಾರೋ ಮಗುವನ್ನು ಗರಗರ ಎಳೆದಾಡುತ್ತಿದ್ದಾರೆ!

“ಕಾಲಿಗೇನಾಯ್ತಮ್ಮಾ, ಯಾರಾದ್ರೂ ಎಳೆದ್ರಾ?” ಎಂದು ಕೇಳಿದರು.

“ಇಲ್ಲಪ್ಪ,” ಎಂದು ಚಿನಕುರಳಿ ಗೋಡೆ ನೋಡಿದಳು. ಪಟಪಟ ಮಾತಾಡುವ ಹುಡುಗಿ ಒಂದೇ ಮಾತಿಗೆ ಬಾಯಿಗೆ ಬೀಗ ಹಾಕಿಕೊಂಡಳು. ಮಗುವನ್ನು ಹೆದರಿಸಿಟ್ಟಿದ್ದಾರೆ ಎಂದು ತಾತನಿಗೆ ಖಾತ್ರಿಯಾಯಿತು. ಇನ್ನೊಂದೇ ಸಲ, ಕಣ್ಣಾರೆ ಕಂಡು, ಆ ಕೂಟಕ್ಕೆ ಇವಳನ್ನು ಕಳಿಸುವುದನ್ನು ನಿಲ್ಲಿಸಿಬಿಡಬೇಕು; ಮಗಳು ಅತ್ತರೂ ಸರಿ, ಅರಚಿದರೂ ಸರಿ.

ಆ ವಾರ ಮಗುವನ್ನು ಒಳಗೆ ಬಿಟ್ಟು ಬೆಂಚಿನ ಮೇಲೆ ಕೂತಂತೆ ಮಾಡಿ, ಗೋದಾಮಿನ ಹಿಂದೆ ಸುತ್ತಿ ಹೋದರು. ಹಿಂಬಾಗಿಲು ಇದ್ದೇ ಇತ್ತು. ಬಸ್ಸು ಹತ್ತಿದ ಹಾಗೇ ಸದ್ದಿಲ್ಲದೆ ಒಳಗೆ ಹೋದರು.

ಒಳಗೆ ನೆಲದ ತುಂಬ ಮೆತ್ತನೆ ರಬ್ಬರ್ ಹಾಸು. ಅಪ್ಪಂದಿರು, ಅಮ್ಮಂದಿರು ಮಕ್ಕಳ ಜೊತೆ ಅಂಬೆಗಾಲಿಟ್ಟು ಚೆಂಡಿನ ಹಿಂದೆ ಹೋಗುತ್ತಿದ್ದಾರೆ. ಚಿನಕುರಳಿ ಕೂಟದವರದೇ ಒಂದು ವಾಕರ್ ಹಿಡಿದು ನಿಂತಿದ್ದಾಳೆ. ನಿಂತಿದ್ದಾಳೆ! ತಾತ ಅದನ್ನು ನಂಬುವಷ್ಟರಲ್ಲಿ ಅವಳು ಧಡ್ ಎಂದು ಬಿದ್ದಳು.

ತಾತ ಹಿಂದೆ ಮುಂದೆ ನೋಡದೆ ಓಡಿ ಅವಳ ಕಂಕುಳಿಗೆ ಕೈ ಹಾಕಿದರು. ಟೀಚರು ಅಡ್ಡ ಬಂದಳು.

“ಮೊದಲು ಕೇಳಿ, ಸಾರ್.”

“ಏನನ್ನ ಕೇಳೋದು? ಬಿದ್ದಿದಾಳೆ ಕಣ್ರೀ ಮಗು!”

“‘ಎತ್ತಲಾ’ ಅಂತ ಅವಳನ್ನ ಕೇಳಿ. ಹೂಂ ಅಂದ್ರೆ ಎತ್ತಿ. ಬೇಡ ಅಂದ್ರೆ ಕೈ ಹಿಂದೆ. ಇಲ್ಲಿ ಎಲ್ರಿಗೂ ಅದೇ. ಬೀಳೋದು ಹೇಗೆ, ಏಳೋದು ಹೇಗೆ ಅನ್ನೋದನ್ನೇ ನಾವು ಮೊದಲು ಕಲಿಸೋದು.”

ಮೊಮ್ಮಗಳನ್ನು ಎತ್ತಲು ಅಪ್ಪಣೆ ಕೇಳಬೇಕೇ! ತಾತನ ಮೀಸೆ ಕುಣಿಯಿತು. ಬೈಯಲೆಂದು ಬಾಯಿ ತೆರೆದವರು ಅಭ್ಯಾಸಬಲದಿಂದ ಅವಳ ಪಾದ ನೋಡಿದರು. ಬರಿಗಾಲು. ಸುತ್ತ ನೋಡಿದರು. ಎಲ್ಲರದೂ ಬರಿಗಾಲು. ಬೂಟುಗಳೆಲ್ಲ ಬಾಗಿಲ ಬಳಿ ಸಾಲಾಗಿ ಕೂತಿದ್ದವು. ಇಲ್ಲಿ ಬೂಟೇ ಹಾಕುವುದಿಲ್ಲ, ಹಾಗಾದರೆ ಸವೆದದ್ದೆಲ್ಲಿ?

ಒಳಗೆ ಬಂದ ತಪ್ಪಿಗೆ ತಾತನೂ ಚೆಂಡು ಉರುಳಿಸಬೇಕಾಯಿತು. ಅವರ ಮೊಣಕಾಲು ಕಟಕಟ ಅಂದದ್ದಕ್ಕೆ ಮಕ್ಕಳೆಲ್ಲ ನಕ್ಕರು. ಹೊರಡುವಾಗ ಟೀಚರು, “ಇವಳು ತುಂಬಾ ಮುಂದೆ ಬಂದಿದಾಳೆ, ಸಾರ್. ವಾರಕ್ಕೊಂದು ಸಲ ಬಂದ್ರೆ ಇಷ್ಟು ಆಗಲ್ಲ. ಮನೇಲಿ ನೀವು ದಿನಾ ನಡೆಸ್ತೀರಿ ಅಂತ ಗೊತ್ತಾಗುತ್ತೆ,” ಎಂದಳು.

ತಾತ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಾನು ನಡೆಸುವುದಿಲ್ಲ, ಮಗಳು ಮನೆಯಲ್ಲಿರುವುದಿಲ್ಲ. ಮತ್ತೆ ನಡೆಸುವವರು ಯಾರು? ಪಕ್ಕದ ಮನೆಯಾಕೆ? ಈಚೆಗೆ ತಮ್ಮ ಟವೆಲ್ ವಾಕರ್ ಮೇಲಿಂದ ಕುರ್ಚಿಗೆ ಹೋಗಿರುತ್ತಿದ್ದುದು ನೆನಪಾಯಿತು. ಬೂಟಿನ ಪಟ್ಟಿ ತಾವು ಅಂಟಿಸಿದ್ದಕ್ಕಿಂತ ಸೊಟ್ಟಗೆ ಅಂಟಿರುತ್ತಿದ್ದುದೂ ನೆನಪಾಯಿತು. ಊರೆಲ್ಲ ತಪಾಸಣೆ ಮಾಡಿದ್ದೇ ಬಂತು, ದೀಪದ ಕೆಳಗೇ ಕತ್ತಲು.

ಮರುದಿನ ಮಧ್ಯಾಹ್ನ ಅವಳು ಶಾಲೆ ಬಿಟ್ಟು ಬಂದು ಊಟವಾದ ಮೇಲೆ, ಎಂದಿನಂತೆ ಮೊಮ್ಮಗಳನ್ನು ಅವಳ ಹಾಸಿಗೆಯ ಮೇಲೆ ಕೂರಿಸಿ, ಪಕ್ಕದ ಮಂಚದಲ್ಲಿ ತಾತ ಮಲಗಿದರು. ಕಣ್ಣು ಅರ್ಧ ಮುಚ್ಚಿ ಗೊರಕೆ ಶುರು ಮಾಡಿದರು. ಹಿಂಬಾಗಿಲಿನಿಂದ ಯಾರು ಬರುತ್ತಾರೋ ಬರಲಿ, ಇಂದು ಕೈಗೆ ಸಿಗಲಿ.

ಯಾರೂ ಬರಲಿಲ್ಲ. ಚಿನಕುರಳಿ ಹೊಟ್ಟೆಯ ಮೇಲೆ ಹೊರಳಿ, ಕಾಲು ಕೆಳಗೆ ಬಿಟ್ಟು, ಹಾಸಿಗೆಯಿಂದ ಜಾರಿದಳು. ತೆವಳಿಕೊಂಡು ಹೋಗಿ ಬೂಟಿಗೆ ಪಾದ ತುರುಕಿದಳು. ಸೆಟೆದ ಪಾದ ಒಳಗೆ ಹೋಗಲು ಹಟ ಮಾಡಿತು, ಅವಳೂ ಹಟ ಮಾಡಿದಳು. ಪಟ್ಟಿ ಸೊಟ್ಟಗೆ ಅಂಟಿಸಿದಳು. ವಾಕರ್ ಹಿಡಿದು ಎದ್ದಳು, ಟವೆಲ್ ತೆಗೆದು ಕುರ್ಚಿಗೆ ಹಾಕಿದಳು. ಆಮೇಲೆ ತುದಿಗಾಲಲ್ಲಿ, ಬೂಟಿನ ಮೂತಿ ಎಳೆಯುತ್ತ ಹಿಂದಿನ ಬಾಗಿಲ ಕಡೆ ಹೊರಟಳು. ಅದರಾಚೆ ಒರಟು ಸಿಮೆಂಟಿನ ಓಣಿ, ಓಣಿಯ ಕೊನೆಗೆ ಗೇಟಿನ ಚಿಲಕ.

ಕಳ್ಳ ಸಿಕ್ಕಿದ್ದ. ತಾತ ಗೊರಕೆ ಮಾತ್ರ ಬಿಡಲಿಲ್ಲ.

ಹೊಸ್ತಿಲು ದಾಟುವಾಗ ವಾಕರ್ ಎಡವಿತು. ಧಡ್.

ಗೊರಕೆ ನಿಂತಿತು.

“ತಾತ, ಎದ್ದಿದೀಯ ಅಂತ ನಂಗೊತ್ತು,” ಅಂತು ನೆಲದಿಂದ ದನಿ. “ನಿನ್ನ ನಿಜವಾದ ಗೊರಕೆ ಹೀಗಿರಲ್ಲ. ಮಧ್ಯೆ ಸೀಟಿ ಬರುತ್ತೆ.”

ತಾತ ಎದ್ದು ಕೂತರು. ಮಂಚದಿಂದ ಇಳಿಯಲು ಕಾಲು ಕೆಳಗಿಟ್ಟದ್ದೂ ಆಯಿತು. “ಯಾಕಮ್ಮಾ ಹೀಗೆ ಕದ್ದು ಮುಚ್ಚಿ? ನಂಗೆ ಹೇಳಬಾರದಿತ್ತಾ?”

“ಹೇಳಿದ್ರೆ ಎತ್ಕೊಂಡುಬಿಡ್ತೀಯ.”

ಅಂಗೈ ನೆಲಕ್ಕೂರಿ ಅವಳು ತಾತನನ್ನು ನೋಡುತ್ತಿದ್ದಳು. ಆ ನೋಟ ಅವರಿಗೆ ಹೊಸದಲ್ಲ. ಹಿಂಬಾಗಿಲಿನಿಂದ ಅವರು ಹತ್ತಿದಾಗ ಕೈಯಲ್ಲಿ ಟಿಕೆಟ್ ಇಲ್ಲದವರ ಮುಖದಲ್ಲಿ ಜನ್ಮವಿಡೀ ಕಂಡದ್ದು ಅದನ್ನೇ. ಸ್ವಂತ ಮನೆಯ ನೆಲದ ಮೇಲೆ ನಡೆಯಲು ಈ ಮಗು ತನ್ನ ಕಣ್ಣು ತಪ್ಪಿಸಬೇಕಾಯಿತಲ್ಲ ಎಂದು ತಾತನಿಗೆ ಅಳು ಬಂತು. ಕೈಗಳು ಅವಳ ಕಡೆ ಚಾಚಿಕೊಂಡೇ ಇದ್ದವು. ಅವನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಒತ್ತಿಟ್ಟರು.

“ಎತ್ತಲಾ?” ಎಂದರು.

ಅವಳು ನೋಡಿದ್ದು ತಾತನ ಮುಖವನ್ನಲ್ಲ, ಮಂಚದ ಕೆಳಗೆ ಇಳಿಬಿದ್ದಿದ್ದ ಕಾಲುಗಳನ್ನು. ತಾತ ಎರಡೂ ಕಾಲನ್ನು ಮೆಲ್ಲಗೆ ಮೇಲೆತ್ತಿ ಮಂಚದ ಮೇಲೆ ಮಡಚಿ ಕೂತರು.

“ಬೇಡ,” ಎಂದಳು ಅವಳು.

ಮೊದಲು ಮಂಡಿ, ಆಮೇಲೆ ಒಂದು ಪಾದ, ಆಮೇಲೆ ವಾಕರ್ ಹಿಡಿ. ಎರಡು ಸಲ ಜಾರಿತು. ತಾತ ಕೂತೇ ಇದ್ದರು. ಮೂರನೆಯದಕ್ಕೆ ಎದ್ದಳು, ಹೊಸ್ತಿಲು ದಾಟಿದಳು. ಒರಟು ಸಿಮೆಂಟಿನ ಮೇಲೆ ಬೂಟಿನ ಮೂತಿ ಗರಗರ ಉಜ್ಜುವ ಸದ್ದು ದೂರವಾಗುತ್ತ ಹೋಯಿತು. ಚಿಲಕ ಠಣ್ ಎಂದಿತು.

ಅಲ್ಲಿಂದ ಅವಳು ತಿರುಗಿ ನೋಡಿದಳು, ತಾತ ಇನ್ನೂ ಮಂಚದ ಮೇಲೇ ಇದ್ದಾರಾ ಅಂತ. ಇದ್ದರು.